ಕಡಲ ನೀರು ನುಗ್ಗಿ ಹೋದ ಮೇಲೆ: ಬಾವಿ, ಗೋಡೆ, ಗದ್ದೆಯ ಉಪ್ಪು ಬಿಡಿಸುವ ಕ್ರಮ

ಹೊಳೆಯ ನೆರೆಗೂ ಚಂಡಮಾರುತ ತರುವ ನೆರೆಗೂ ಇರುವ ದೊಡ್ಡ ವ್ಯತ್ಯಾಸ ಉಪ್ಪು. ಹೊಳೆ ನೀರು ಇಳಿದ ಮೇಲೆ ಕೆಸರು ಬಳಿದು, ತೊಳೆದು, ಒಣಗಿಸಿದರೆ ಮನೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಕಡಲ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿ ಹೋದರೂ ಅದು ಗೋಡೆಯಲ್ಲಿ, ಮಣ್ಣಿನಲ್ಲಿ, ಮೋಟಾರಿನ ಸುರುಳಿಯಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಇಲ್ಲಿ ಕೆಲವು ಕೆಲಸಗಳನ್ನು ಗಂಟೆಗಳೊಳಗೆ ಮುಗಿಸಬೇಕು, ಕೆಲವನ್ನು ಬೇಕೆಂದೇ ತಿಂಗಳುಗಟ್ಟಲೆ ತಡ ಮಾಡಬೇಕು. ಇವೆರಡು ಅದಲುಬದಲಾದಾಗಲೇ ನಷ್ಟ ದುಪ್ಪಟ್ಟಾಗುವುದು. ಮೋಟಾರನ್ನು ಮೂಲೆಯಲ್ಲಿಟ್ಟು ಮರೆಯುವುದು, ಗೋಡೆಗೆ ಮಾತ್ರ ವಾರದೊಳಗೆ ಬಣ್ಣ ಬಳಿಯುವುದು: ಇದೇ ಎಲ್ಲೆಡೆ ಕಾಣುವ ತಪ್ಪು.

ಒಳಗೆ ಕಾಲಿಡುವ ಮುನ್ನ

ನೀರು ನಿಂತಿರುವಾಗ ಮೇನ್ ಸ್ವಿಚ್ ಮುಟ್ಟಲು ಹೋಗಬೇಡಿ. ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಮೇನ್ ಬೋರ್ಡ್ ತಲುಪಲು ನೀರಿನಲ್ಲಿ ನಿಲ್ಲಬೇಕಾದರೆ ಕಂಬದಲ್ಲೇ ಸಂಪರ್ಕ ತಪ್ಪಿಸಲು ವಿದ್ಯುತ್ ಇಲಾಖೆಯವರಿಗೆ ಹೇಳಿ. ಊರಿಗೇ ಕರೆಂಟ್ ಇಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಇನ್ವರ್ಟರ್ ಬ್ಯಾಟರಿ ತನ್ನ ಪಾಡಿಗೆ ಕರೆಂಟ್ ಕೊಡುತ್ತಿರುತ್ತದೆ, ಬಿಸಿಲು ಬಿದ್ದೊಡನೆ ಸೋಲಾರ್ ಫಲಕವೂ ಶುರುವಾಗುತ್ತದೆ, ಪಕ್ಕದ ಮನೆಯ ಜನರೇಟರ್ ತಪ್ಪಾಗಿ ಜೋಡಿಸಿದ್ದರೆ ತಂತಿಯಲ್ಲಿ ವಿದ್ಯುತ್ ಹಿಮ್ಮುಖವಾಗಿ ಹರಿದು ಬರುತ್ತದೆ.

ಹೊರಗಿನಿಂದ ಒಂದು ಸುತ್ತು ಹಾಕಿ. ಅಡಿಪಾಯದ ಬುಡದ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿದೆಯೇ, ಮೂಲೆಗಳಲ್ಲಿ ಓರೆಯಾದ ಹೊಸ ಬಿರುಕಿದೆಯೇ, ಮುಂಚೆ ಸರಾಗವಾಗಿ ತೆರೆಯುತ್ತಿದ್ದ ಬಾಗಿಲು ಕಚ್ಚಿಕೊಂಡಿದೆಯೇ ನೋಡಿ. ಮರ ನೀರು ಕುಡಿದು ಉಬ್ಬಿದ್ದರೆ ಬಾಗಿಲು ಸುತ್ತಲೂ ಕಚ್ಚುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಕಚ್ಚಿದರೆ ಚೌಕಟ್ಟೇ ವಾಲಿದೆ ಎಂದರ್ಥ. ಹಾಗಿದ್ದರೆ ಬಲ್ಲವರು ನೋಡುವ ತನಕ ಒಳಗೆ ಹೋಗಬೇಡಿ. ಗ್ಯಾಸ್ ವಾಸನೆ ಇದ್ದರಂತೂ ಯಾವ ಸ್ವಿಚ್ಚನ್ನೂ ಒತ್ತದೆ ಹಿಂದೆ ಸರಿಯಿರಿ. ಕೆಸರಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ. ಹಾವುಗಳೂ ಒಣ ಜಾಗ ಹುಡುಕಿಕೊಂಡು ಅಟ್ಟ, ಕಪಾಟು ಸೇರಿರುತ್ತವೆ.

ಗುಡಿಸುವ ಮೊದಲೇ ಫೋಟೊ ತೆಗೆಯಿರಿ. ಗೋಡೆಯ ಮೇಲೆ ನೀರು ಬಿಟ್ಟ ಗೆರೆಯ ಪಕ್ಕ ಅಳತೆಪಟ್ಟಿ ಹಿಡಿದು ಒಂದು, ಪ್ರತಿ ಕೋಣೆಯ ನಾಲ್ಕು ಮೂಲೆ, ಕೆಟ್ಟ ಯಂತ್ರಗಳ ಮೇಲಿನ ಮಾದರಿ ಸಂಖ್ಯೆಯ ಚೀಟಿ. ಪರಿಹಾರಕ್ಕೂ ವಿಮೆಗೂ ಇವೇ ಆಧಾರ. ಆ ನೀರಿನ ಗೆರೆಯನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಡಿ, ಮುಂದೆ ಗಾರೆ ಕೆತ್ತುವಾಗಲೂ ಬೇಕಾಗುತ್ತದೆ.

ಮೊದಲ ವಾರದ ನೀರು

ಕುಡಿಯಲು, ಅಡುಗೆಗೆ, ಮೈ ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂಬುದು ಪರಿಹಾರ ಕಾರ್ಯದಲ್ಲಿ ಅಂತಾರಾಷ್ಟ್ರೀಯವಾಗಿ ಒಪ್ಪಿದ ಲೆಕ್ಕ. ನೂರು ಮನೆ, ಮನೆಗೆ ಐದು ಜನ ಎಂದರೆ 7,500 ಲೀಟರ್. ಅಂದರೆ 5,000 ಲೀಟರಿನ ಟ್ಯಾಂಕರ್ ದಿನಕ್ಕೆ ಎರಡು ಸಲ ಬರಬೇಕು. ಅಧಿಕಾರಿಗಳ ಮುಂದೆ "ನೀರಿಲ್ಲ" ಎಂದು ಗೋಳು ಹೇಳುವುದಕ್ಕಿಂತ ಈ ಲೆಕ್ಕ ಬರೆದು ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಅದೇ ಪಟ್ಟಿಯಲ್ಲಿ ಟಾರ್ಪಾಲು, ಸಲಿಕೆ, ಬಕೆಟ್, ಗಮ್‌ಬೂಟು, ಬ್ಲೀಚಿಂಗ್ ಪೌಡರ್, ಸ್ಯಾನಿಟರಿ ಪ್ಯಾಡ್, ಇಪ್ಪತ್ತು ಜನಕ್ಕೊಂದರಂತೆ ಶೌಚಾಲಯ ಸೇರಿಸಿ. ಹಳೆ ಬಟ್ಟೆ ಬೇಡವೆಂದು ಮೊದಲೇ ಹೇಳಿಬಿಡಿ. ಅದು ಮೂಟೆಗಟ್ಟಲೆ ಬಂದು ಬಿದ್ದು, ವಿಂಗಡಿಸಲು ಜನ ಸಾಲದೆ ಒದ್ದೆಯಾಗಿ ಕೊಳೆಯುತ್ತದೆ.

ಟ್ಯಾಂಕರ್ ನೀರನ್ನಾದರೂ ಒಂದು ನಿಮಿಷ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಕುದಿಸಲು ಸೌದೆ, ಗ್ಯಾಸ್ ಇಲ್ಲದಿದ್ದರೆ 5ರಿಂದ 6 ಶೇಕಡಾ ಶಕ್ತಿಯ, ಪರಿಮಳ ಬೆರೆಸದ ಬ್ಲೀಚ್ ದ್ರಾವಣವನ್ನು ತಿಳಿನೀರಿಗೆ ಲೀಟರಿಗೆ 2 ಹನಿ, ಕದಡಿದ ನೀರಾದರೆ ಬಟ್ಟೆಯಲ್ಲಿ ಸೋಸಿ 4 ಹನಿ ಹಾಕಿ ಅರ್ಧ ಗಂಟೆ ಬಿಡಿ. ಕುದಿಸುವುದಾಗಲಿ ಕ್ಲೋರಿನ್ ಆಗಲಿ ಉಪ್ಪನ್ನು ತೆಗೆಯುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ ಉಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಚಪ್ಪೆಯಲ್ಲದ ನೀರನ್ನು ಕಂದಮ್ಮಗಳಿಗೆ, ರಕ್ತದೊತ್ತಡ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಕೊಡಲೇಬೇಡಿ.

ಬಾವಿ: ಬರಿದು ಮಾಡುವ ಆತುರ ಬೇಡ

ನೀರು ಕೆಟ್ಟಿದೆ, ಪಂಪ್ ಹಚ್ಚಿ ಖಾಲಿ ಮಾಡಿದರೆ ಹೊಸ ನೀರು ಬರುತ್ತದೆ ಎಂದು ಯಾರಿಗೂ ಅನಿಸುವುದು ಸಹಜ. ಕಡಲಂಚಿನ ಮರಳು ನೆಲದಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಅಲ್ಲಿ ನೆಲದೊಳಗಿನ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುವ ಪದರ. ಕಡಲ ಮಟ್ಟಕ್ಕಿಂತ ಸಿಹಿನೀರು ಒಂದು ಮೀಟರ್ ಎತ್ತರ ನಿಂತಿದ್ದರೆ, ಅದರ ಭಾರಕ್ಕೆ ಉಪ್ಪುನೀರು ಸುಮಾರು 40 ಮೀಟರ್ ಕೆಳಗೆ ಅದುಮಿರುತ್ತದೆ. ಮೇಲಿನ ಮಟ್ಟವನ್ನು ಪಂಪ್ ಇಳಿಸಿದಂತೆ ಅಡಿಯ ಉಪ್ಪುನೀರು ಬಾವಿಯ ತಳದತ್ತ ಗುಡ್ಡದಂತೆ ಎದ್ದು ಬರುತ್ತದೆ. 2004ರ ಸುನಾಮಿಯ ನಂತರ ಶ್ರೀಲಂಕಾದ ಪೂರ್ವ ಕರಾವಳಿಯಲ್ಲಿ ಬಾವಿಗಳನ್ನು ಮತ್ತೆ ಮತ್ತೆ ಬರಿದು ಮಾಡಿಯೂ ಬಹಳ ಕಡೆ ಉಪ್ಪು ಇಳಿಯಲಿಲ್ಲ. ನೀರನ್ನು ಸಿಹಿ ಮಾಡಿದ್ದು ಮುಖ್ಯವಾಗಿ ಮಳೆಯೇ.

ಹಾಗಾಗಿ ಮೊದಲು ಅಳೆಯಿರಿ. ಒಂದು ಟಿಡಿಎಸ್ ಪೆನ್ನು (ನೀರಿನಲ್ಲಿ ಕರಗಿದ ಉಪ್ಪು ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೋರಿಸುವ ಪುಟ್ಟ ಸಾಧನ) ಇಡೀ ಕೇರಿಗೆ ಸಾಕು. ಅಗ್ಗದ ಪೆನ್ನುಗಳು ಸಾಮಾನ್ಯವಾಗಿ 9,990ರ ಆಚೆ ಓದುವುದಿಲ್ಲ. ಅಂಕಿ ಬರದಿದ್ದರೆ ಒಂದು ಲೋಟ ಬಾವಿ ನೀರಿಗೆ ಒಂಬತ್ತು ಲೋಟ ಮಳೆನೀರು ಬೆರೆಸಿ ಓದಿ, ಹತ್ತರಿಂದ ಗುಣಿಸಿ. ಮೇಲಿನ ನೀರನ್ನೂ ತಳದ ನೀರನ್ನೂ ಬೇರೆಬೇರೆ ಅಳೆಯಬೇಕು. ತಳದ ನೀರು ತೆಗೆಯಲು ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೊಂದು ದಾರ ಕಟ್ಟಿ ಇಳಿಸಿ; ತಳ ಮುಟ್ಟಿದ ಮೇಲೆ ದಾರ ಎಳೆದರೆ ಬಿರಡೆ ಕಿತ್ತು ಅಲ್ಲಿನ ನೀರೇ ತುಂಬುತ್ತದೆ. ಮೇಲೆ 800, ತಳದಲ್ಲಿ 6,000 ಎಂದು ಬಂದರೆ ಬಾವಿ ಆಗಲೇ ತನ್ನಿಂದ ತಾನೇ ಪದರ ಕಟ್ಟಿಕೊಂಡಿದೆ. ಅದನ್ನು ಕಲಕಬೇಡಿ. ಸಣ್ಣ ಬಿಂದಿಗೆಯನ್ನು ಮೇಲ್ಮೈಯಲ್ಲೇ ಓರೆಯಾಗಿಸಿ ಸೇದಿ.

ಲೀಟರಿಗೆ 600 ಮಿಲಿಗ್ರಾಂ ಒಳಗಿನ ನೀರು ನಾಲಿಗೆಗೆ ಹಿತ, 1,000 ದಾಟಿದರೆ ಕುಡಿಯಲು ಬೇಸರ. ನೂರು ಕೊಡ ಸಿಹಿನೀರಿಗೆ ಎರಡು ಕೊಡ ಕಡಲ ನೀರು ಬಿದ್ದರೂ ಹತ್ತಿರಹತ್ತಿರ 700 ಏರುತ್ತದೆ. ಇಷ್ಟು ಸ್ವಲ್ಪಕ್ಕೇ ಬಾವಿ ಕೆಡುವುದರಿಂದ, ಕಟ್ಟೆಯ ಸುತ್ತ ನಿಂತ ಉಪ್ಪುನೀರಿಗೆ ಮೊದಲು ಚರಂಡಿ ತೋಡಿ ದೂರ ಹರಿಸಿ.

ಒಳಗೆ ಹೂಳು, ಸತ್ತ ಪ್ರಾಣಿ ಬಿದ್ದಿದ್ದರೆ ಶುಚಿ ಮಾಡದೆ ಗತ್ಯಂತರವಿಲ್ಲ. ಆಗಲೂ ಒಂದೇ ಸಲ ಖಾಲಿ ಮಾಡಿ, ನಿಧಾನವಾಗಿ. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿರುವಾಗ ಒಳಗಿನ ನೀರನ್ನು ಸರಕ್ಕನೆ ತೆಗೆದರೆ ರಿಂಗು, ಕಲ್ಲುಕಟ್ಟಡ ಒಳಕ್ಕೆ ಕುಸಿಯುತ್ತದೆ. ಹೊರಹಾಕಿದ ನೀರು ಬಾವಿಯ ಬುಡದಲ್ಲೇ ಇಂಗಿದರೆ ಮರುದಿನ ಅದೇ ನೀರು ಒಳಗೆ. ಪೈಪನ್ನು ಇಳಿಜಾರಿನ ಕಡೆಗೆ, ಕಡಲತ್ತ ಎಳೆಯಿರಿ.

ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿ, ಕಟ್ಟೆಗೆ ಒರಗಿಸಿಯೂ ಇಡಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಂಡರೆ ಇಳಿದವರು ಕೂಗುವ ಮೊದಲೇ ಬಿದ್ದಿರುತ್ತಾರೆ, ಎತ್ತಲು ಹೋದವರೂ ಅಷ್ಟೆ. ದೀಪ ಇಳಿಸಿ ನೋಡುವ ಹಳೆ ಪದ್ಧತಿ ಆಮ್ಲಜನಕ ಕಡಿಮೆಯಾಗಿದೆಯೇ ಎಂದಷ್ಟೇ ಹೇಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಕೊಲ್ಲುವ ಮಟ್ಟದಲ್ಲಿದ್ದರೂ ದೀಪ ಆರದೆ ಉರಿಯುತ್ತಿರುತ್ತದೆ.

ಹೂಳು ತೆಗೆದು ನೀರು ತಿಳಿಯಾದ ಮೇಲೆ ಕ್ಲೋರಿನ್. ಕದಡಿದ ನೀರಿಗೆ ಹಾಕಿದರೆ ಕೆಸರೇ ಅದನ್ನು ತಿಂದುಬಿಡುತ್ತದೆ.

1. ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 0.785ರಿಂದ ಗುಣಿಸಿ, ಕೊನೆಗೆ 1,000ದಿಂದ ಗುಣಿಸಿ. ಅಳತೆ ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ. ಒಂದೂವರೆ ಮೀಟರ್ ಅಗಲ, 3 ಮೀಟರ್ ನೀರು: ಸುಮಾರು 5,300 ಲೀಟರ್.

2. ನೆರೆಯ ನಂತರದ ಮೊದಲ ಶುದ್ಧೀಕರಣಕ್ಕೆ 33 ಶೇಕಡಾ ಕ್ಲೋರಿನ್ ಇರುವ ಹೊಸ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 60 ಗ್ರಾಂ. ನಮ್ಮ ಉದಾಹರಣೆಯ ಬಾವಿಗೆ 320 ಗ್ರಾಂ. ಗಂಟು ಕಟ್ಟಿದ, ಘಾಟು ಹೋದ ಹಳೆ ಪುಡಿಯ ಶಕ್ತಿ ಇಳಿದಿರುತ್ತದೆ, ಆ ಲೆಕ್ಕ ಅದಕ್ಕೆ ನಿಲ್ಲದು.

3. ಒಂದು ಬಕೆಟ್ಟಿಗೆ 100 ಗ್ರಾಂ ಮೀರದಂತೆ ಪುಡಿ ಹಾಕಿ, ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ ಹತ್ತು ನಿಮಿಷ ಬಿಡಿ. ತಳದಲ್ಲಿ ಸುಣ್ಣ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಾವಿಗೆ ಹಾಕಿ. ಸುಣ್ಣವೂ ಹೋದರೆ ನೀರು ಗಡುಸಾಗುತ್ತದೆ.

4. ಬಕೆಟ್ ಮುಳುಗಿಸಿ ಎತ್ತಿ, ಮುಳುಗಿಸಿ ಎತ್ತಿ ಬೆರೆಸಿ. ಹೀಗೆ ಕಲಕುವುದು ಈ ಹೊತ್ತಿಗೆ ಮಾತ್ರ. ರಾತ್ರಿಯಿಡೀ ಬಿಟ್ಟು, ಮರುದಿನ ಘಾಟು ಇಳಿಯುವಷ್ಟು ನೀರು ಸೇದಿ ಚೆಲ್ಲಿ.

5. ಮುಂದೆ ದಿನನಿತ್ಯ ಅದೇ ಪುಡಿ 1,000 ಲೀಟರಿಗೆ 2.5 ಗ್ರಾಂ. ಹಾಕಿ ಒಂದು ಗಂಟೆಯ ನಂತರ ಪರೀಕ್ಷಿಸಿದರೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಇದರಿಂದ ರೋಗಾಣು ಹೋಗುತ್ತದೆ. ಉಪ್ಪಿಗೆ ಮಳೆಯೇ ಮದ್ದು. ಸೂರಿನ ಮಳೆನೀರನ್ನು ಮರಳು, ಜಲ್ಲಿ ತುಂಬಿದ ಡ್ರಮ್ಮಿನಲ್ಲಿ ಸೋಸಿ ಬಾವಿಗೆ ಇಳಿಸಿದರೆ ಕಾಯುವ ಕಾಲ ಕಡಿಮೆಯಾಗುತ್ತದೆ. ಮೊದಲ ಮಳೆಯ ನೀರನ್ನು ಬಿಟ್ಟುಬಿಡಿ, ಸೂರಿನ ಮೇಲೂ ಗಾಳಿ ತಂದ ಉಪ್ಪು ಕೂತಿರುತ್ತದೆ.

ಮನೆ: ಕೆಸರು ಈಗಲೇ, ಬಣ್ಣ ಆಮೇಲೆ

ಕೆಸರು ಹಸಿಯಿರುವಾಗ ಸಲಿಕೆಗೆ ಬರುತ್ತದೆ, ಒಣಗಿದರೆ ಇಟ್ಟಿಗೆಯಂತಾಗುತ್ತದೆ. ಮೊದಲು ಕೆಸರು ಎಳೆದು ಹಾಕಿ, ಆಮೇಲೆ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಸಿಹಿನೀರಿನಲ್ಲಿ ತೊಳೆಯಿರಿ. ಬಾವಿಯ ಉಪ್ಪುನೀರಲ್ಲಿ ತೊಳೆದರೆ ತೊಳೆದೂ ಪ್ರಯೋಜನವಿಲ್ಲ. ನೆನೆದ ಹಾಸಿಗೆ, ದಿಂಬು, ಪ್ಲೈವುಡ್, ಹೊಟ್ಟಿನ ಹಲಗೆಗಳನ್ನು ಉಳಿಸಿಕೊಳ್ಳಲು ಹೆಣಗಬೇಡಿ. 24ರಿಂದ 48 ಗಂಟೆಯಲ್ಲಿ ಬೂಷ್ಟು ಹಿಡಿಯುತ್ತದೆ. ಗಟ್ಟಿ ನೆಲ, ಹೆಂಚು, ಪಾತ್ರೆಗಳನ್ನು ಸೋಪು ಹಾಕಿ ಉಜ್ಜಿದ ಮೇಲಷ್ಟೇ ಬ್ಲೀಚ್ ನೀರಿನಲ್ಲಿ ಒರೆಸಿ. ಬ್ಲೀಚಿನ ಜೊತೆ ಟಾಯ್ಲೆಟ್ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಉಸಿರನ್ನೇ ಕಟ್ಟಿಸುತ್ತದೆ.

ಮಾತು ಹೆಚ್ಚು ಬೇಕಿರುವುದು ಗೋಡೆಯ ಬಗ್ಗೆ. ನೀರು ಆರಿದಂತೆ ಒಳಗಿನ ಉಪ್ಪು ಮೇಲ್ಮೈಗೆ ಬಂದು ಬಿಳಿ ಹತ್ತಿಯಂತೆ ಅರಳುತ್ತದೆ. ಒದ್ದೆ ಬಟ್ಟೆ ಹಿಡಿದು ಒರೆಸುವುದು ಎಲ್ಲರ ರೂಢಿ, ಅದೇ ತಪ್ಪು: ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ಉದುರಿದ ಪುಡಿಯನ್ನು ಕೆಳಗೆ ಹಾಸಿದ ಕಾಗದದಲ್ಲಿ ಹಿಡಿದು ಮನೆಯಿಂದ ದೂರ ಎಸೆಯಿರಿ. ವಾರ ಬಿಟ್ಟು ಮತ್ತೆ ಅರಳುತ್ತದೆ, ಮತ್ತೆ ಉಜ್ಜಿ. ಪ್ರತಿ ಸಲ ಅಷ್ಟು ಉಪ್ಪು ಗೋಡೆ ಬಿಟ್ಟು ಹೋಯಿತೆಂದೇ ಲೆಕ್ಕ. ಗಾರೆ ಉಬ್ಬಿ ಟೊಳ್ಳು ಸದ್ದು ಬರುತ್ತಿದ್ದರೆ ಪೆನ್ಸಿಲ್ ಗುರುತಿಗಿಂತ 30ರಿಂದ 50 ಸೆಂಟಿಮೀಟರ್ ಮೇಲಿನವರೆಗೂ ಕೆತ್ತಿ ಹಾಕಿ, ಏಕೆಂದರೆ ಗೋಡೆ ನೀರನ್ನು ಗೆರೆಯಿಂದಾಚೆಗೂ ಹೀರಿರುತ್ತದೆ.

ಆಮೇಲೆ ಕಾಯುವ ಕೆಲಸ. ಗೋಡೆಯ ದಪ್ಪದಲ್ಲಿ ಪ್ರತಿ 25 ಮಿಲಿಮೀಟರಿಗೆ ಸುಮಾರು ಒಂದು ತಿಂಗಳು ಎಂಬುದು ಕಟ್ಟಡದವರ ಒರಟು ಅಂದಾಜು. ಒಂಬತ್ತಿಂಚಿನ ಗೋಡೆಗೆ ಒಂಬತ್ತು ತಿಂಗಳು! ಇಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ, ನಿಜ. ಬಣ್ಣ ಬೇಕೇಬೇಕೆಂದರೆ ಸುಣ್ಣ ಬಳಿಯಿರಿ, ಅದು ಉಸಿರಾಡುತ್ತದೆ. ವಾಟರ್‌ಪ್ರೂಫ್ ಬಣ್ಣ, ಗಟ್ಟಿ ಸಿಮೆಂಟ್ ಗಾರೆ ಹಚ್ಚಿದರೆ ತೇವ ಒಳಗೇ ಸಿಕ್ಕಿಬಿದ್ದು, ಬಣ್ಣದ ಹಿಂದೆ ಉಪ್ಪು ಹರಳುಗಟ್ಟಿ ವರ್ಷದೊಳಗೆ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತದೆ. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರುತ್ತದೆ. ಬೇಸಗೆಯಲ್ಲಿ ಒಣಗಿದ್ದ ಗೋಡೆ ಮಳೆಗಾಲದಲ್ಲಿ ಸೋರಿಕೆಯೇ ಇಲ್ಲದೆ ಬೆವರುವುದು ಇದರಿಂದ.

ಹೊಸದಾಗಿ ಕಟ್ಟುವಾಗ ಕಡಲ ಮರಳು, ಉಪ್ಪಾದ ಬಾವಿಯ ನೀರು ಬಳಸಬೇಡಿ. ಕಬ್ಬಿಣ ಸೇರಿದ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಮೀರಿದರೆ ಒಳಗಿನ ಸರಳು ತುಕ್ಕು ಹಿಡಿದು, ಉಬ್ಬಿ, ಕೆಲವು ವರ್ಷಗಳ ಮೇಲೆ ಕಾಂಕ್ರೀಟನ್ನೇ ಸೀಳುತ್ತದೆ. ಕಂಬದ ಉದ್ದಕ್ಕೆ ಸರಳಿನ ಸಾಲಿನಲ್ಲೇ ಕಂದು ಗೆರೆ, ಬಿರುಕು ಕಂಡರೆ ಮೇಲೆ ಸಿಮೆಂಟ್ ಮೆತ್ತಿ ಮುಚ್ಚಬೇಡಿ. ಸರಳಿನ ಹಿಂಬದಿಯವರೆಗೂ ಬಿಡಿಸಿ, ತುಕ್ಕು ಕೆರೆದು ದುರಸ್ತಿ ಮಾಡಬೇಕು.

ವಿದ್ಯುತ್, ಮೋಟಾರು, ದೋಣಿ ಎಂಜಿನ್

ಮುಳುಗಿದ ಸ್ವಿಚ್ಚು, ಸಾಕೆಟ್, ಎಂಸಿಬಿಗಳನ್ನು (ಕರೆಂಟ್ ಹೆಚ್ಚಾದಾಗ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚುಗಳು) ಒಣಗಿಸಿ ಮತ್ತೆ ಹಾಕಬೇಡಿ, ಬದಲಿಸಿ. ಉಪ್ಪಿನ ಪದರ ಉಳಿದ ಎಂಸಿಬಿ ಬೇಕಾದ ಹೊತ್ತಿಗೆ ಬೀಳದೆ ಹೋಗಬಹುದು. ನೀರೆತ್ತುವ ಮೋಟಾರನ್ನು "ಓಡುತ್ತದಾ ನೋಡೋಣ" ಎಂದು ಒಮ್ಮೆ ಚಾಲು ಮಾಡಿದರೆ ಸುರುಳಿ ಸುಟ್ಟಂತೆಯೇ. ಬಿಚ್ಚಿಸಿ, ಸಿಹಿನೀರಿನಲ್ಲಿ ಹಲವು ಸಲ ತೊಳೆದು, ಪೂರ್ತಿ ಒಣಗಿಸಿ, ಬೇರಿಂಗ್ ಬದಲಿಸಿ, 500 ವೋಲ್ಟಿನ ಮೆಗ್ಗರಿನಲ್ಲಿ (ಸುರುಳಿಯಿಂದ ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ ಉಪಕರಣ) ನೋಡಿಸಿ. ಕನಿಷ್ಠ 1 ಮೆಗಾಓಮ್ ಬಂದರಷ್ಟೇ ಕರೆಂಟ್ ಕೊಡಿ.

ದೋಣಿಯ ಔಟ್‌ಬೋರ್ಡ್ ಎಂಜಿನ್ ಮುಳುಗಿದ್ದರೆ ಮೇಲೆತ್ತಿದ ಗಳಿಗೆಯಿಂದ ತುಕ್ಕಿನ ಗಡಿಯಾರ ಶುರು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಹಗ್ಗ ಎಳೆದು ಸಿಲಿಂಡರಿನ ನೀರು ಹೊರಹಾಕಿ, ಇಂಧನ ಬದಲಿಸಿ, ಎಣ್ಣೆ ಹಾಕಿ ಕೆಲವೇ ಗಂಟೆಗಳಲ್ಲಿ ಓಡಿಸಬೇಕು. ಎಳೆಯುವಾಗ ಕಚ್ಚಿದರೆ ಬಲ ಹಾಕಬೇಡಿ, ಒಳಗೆ ಮರಳು ಹೋಗಿದೆ. ಆ ದಿನ ಮೆಕ್ಯಾನಿಕ್ ಸಿಗದಿದ್ದರೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲೇ ಮುಳುಗಿಸಿಡಿ. ಕೇಳಲು ವಿಚಿತ್ರವಾದರೂ ಸರಿಯಾದ ಉಪಾಯ, ಗಾಳಿ ತಾಕದಿದ್ದರೆ ತುಕ್ಕು ನಿಧಾನ.

ಲಿಥಿಯಂ ಬ್ಯಾಟರಿಯ ಸ್ಕೂಟರ್, ಕಾರು ಉಪ್ಪುನೀರಲ್ಲಿ ಮುಳುಗಿದ್ದರೆ ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸಿ, ಚಾರ್ಜಿಗೆ ಹಾಕಬೇಡಿ. 2022ರ ಇಯಾನ್ ಚಂಡಮಾರುತದ ನಂತರ ಫ್ಲಾರಿಡಾದಲ್ಲಿ ಇಂಥ ವಾಹನಗಳು ನೀರಿಳಿದ ಎಷ್ಟೋ ದಿನಗಳ ಮೇಲೆ ಹೊತ್ತಿ ಉರಿದವು.

ಕಾಯಿಲೆ, ಶೌಚ

ಶೌಚದ ಗುಂಡಿ ತುಂಬಿದೆಯೆಂದು ನೆಲ ನೀರು ತುಂಬಿರುವಾಗಲೇ ಪೂರ್ತಿ ಬರಿದು ಮಾಡಿಸಿದರೆ ಖಾಲಿ ಟ್ಯಾಂಕ್ ತೇಲಿ ಮೇಲೆದ್ದು ಪೈಪುಗಳು ಮುರಿಯುತ್ತವೆ. ಅಂತರ್ಜಲ ಇಳಿಯುವ ತನಕ ಕಾಯಿರಿ. ಕೆಸರು ಎತ್ತುವವರು ಗಾಯ ಮುಚ್ಚಿ, ಬೂಟು ಹಾಕಿ ಇಳಿಯಲಿ. ಇಲಿಜ್ವರ ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಕಾಣಿಸುತ್ತದೆ. ಜ್ವರದ ಜೊತೆ ಮೀನಖಂಡದ ನೋವು, ಕಣ್ಣು ಕೆಂಪಾದರೆ ಮಾತ್ರೆ ನುಂಗಿ ಕೂರದೆ ನೆರೆಯ ಕೆಸರಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಿ. ವಾಂತಿಭೇದಿಗೆ ಓಆರ್‌ಎಸ್ ಸಿಗದಿದ್ದರೆ ಶುದ್ಧ ನೀರು 1 ಲೀಟರ್, ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ನೀರು ಉಪ್ಪಾದ ಬಾವಿಯದಾಗಬಾರದು.

ಗದ್ದೆ

ಉಪ್ಪುನೀರು ಗದ್ದೆಯಲ್ಲೇ ಆವಿಯಾಗಲು ಬಿಡಬೇಡಿ. ಇಳಿತದ ಹೊತ್ತಿಗೆ ತೂಬು ತೆರೆದು, ಉಬ್ಬರ ಏರುವ ಮೊದಲು ಮುಚ್ಚಿ. ಒಡೆದ ಒಡ್ಡನ್ನು ಮೊದಲು ಮುಚ್ಚಬೇಕು. 2009ರ ಐಲಾ ಚಂಡಮಾರುತದ ನಂತರ ಸುಂದರಬನದ ಅಂಚಿನಲ್ಲಿ ಒಡ್ಡು ಮುಚ್ಚುವುದು ತಡವಾದ ಕಡೆಗಳಲ್ಲಿ ದಿನಕ್ಕೆರಡು ಸಲ ಉಬ್ಬರ ಒಳಬಂದು ಹೋಗಿ, ಒಂದು ರಾತ್ರಿಯ ನೆರೆ ತಿಂಗಳುಗಟ್ಟಲೆಯ ನೆರೆಯಾಯಿತು.

ನೀರು ಇಳಿದ ಮೇಲೆ ಉಪ್ಪನ್ನು ಸಿಹಿನೀರಿನಲ್ಲಿ ಕೆಳಕ್ಕೆ ಇಳಿಸಬೇಕು. 30 ಸೆಂಟಿಮೀಟರ್ ಆಳದ ಮಣ್ಣಿನೊಳಗೆ 15 ಸೆಂಟಿಮೀಟರ್ ನೀರು ಇಂಗಿ ಹೊರಹೋದರೆ ಅರ್ಧದಷ್ಟು, 30 ಸೆಂಟಿಮೀಟರ್ ಇಂಗಿದರೆ 80 ಶೇಕಡಾ, 60 ಇಂಗಿದರೆ 90 ಶೇಕಡಾ ಉಪ್ಪು ಹೋಗುತ್ತದೆ. ಮೇಲಿಂದ ಹರಿದು ಹೋದ ನೀರು ಈ ಲೆಕ್ಕಕ್ಕಿಲ್ಲ. ಬದು ಕಟ್ಟಿ ಮಳೆಯನ್ನು ನಿಲ್ಲಿಸಿ, ಪಕ್ಕದಲ್ಲಿ ಗದ್ದೆಗಿಂತ ಆಳದ ಬಸಿಗಾಲುವೆ ತೋಡಿ.

ಮರಳು ಮಣ್ಣಿಗೆ ಇಷ್ಟು ಸಾಕು. ಜೇಡಿ ಮಣ್ಣಿನಲ್ಲಿ ಇನ್ನೊಂದು ತೊಡಕು: ಮಳೆ ಉಪ್ಪನ್ನು ತೊಳೆದ ಮೇಲೂ ಸೋಡಿಯಂ ಜೇಡಿಕಣಕ್ಕೆ ಅಂಟಿಕೊಂಡು, ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿ, ನೀರು ಇಂಗುವುದೇ ನಿಲ್ಲುತ್ತದೆ. ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲನೆ ಬಿಡಿ, ಅಲುಗಿಸಬೇಡಿ. ಕೆಲವು ಗಂಟೆಗಳ ಮೇಲೆ ಹೆಂಟೆ ಕುಸಿದು ಪುಡಿಯಾಗಿದ್ದು ಸುತ್ತಲಿನ ನೀರು ತಿಳಿಯಾಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲಿನಂಥ ಮೋಡ ಹಬ್ಬಿದ್ದರೆ ಆ ಸೋಡಿಯಂ ಬಿಡಿಸಲು ಜಿಪ್ಸಮ್ ಬೇಕು. ಎಷ್ಟೆಂಬುದನ್ನು ಮಣ್ಣು ಪರೀಕ್ಷೆ ಹೇಳಬೇಕು, ಹಾಕುವುದು ದೊಡ್ಡ ಮಳೆಗೆ ಮುಂಚೆ. ಬಸಿಗಾಲುವೆ ಇಲ್ಲದ ಗದ್ದೆಗೆ ಜಿಪ್ಸಮ್ ಸುರಿದರೆ ದುಡ್ಡು ದಂಡ. ಒದ್ದೆ ಜೇಡಿಯನ್ನು ಉಳಬೇಡಿ, ಬೂದಿ ಮತ್ತು ಪೊಟ್ಯಾಷ್ ಕ್ಲೋರೈಡ್ ಗೊಬ್ಬರ ಆ ವರ್ಷ ಬೇಡ, ಅವೂ ಉಪ್ಪೇ.

ಬೆಳೆ ಆರಿಸುವಾಗ ಪರೀಕ್ಷಾ ಚೀಟಿಯಲ್ಲಿ ಮಣ್ಣಿನ ಸಾರದ (ಮಣ್ಣಿನಿಂದ ಬಸಿದ ನೀರಿನ) ವಿದ್ಯುತ್ ವಾಹಕತೆ ನೋಡಿ; ಉಪ್ಪು ಹೆಚ್ಚಿದಷ್ಟೂ ಆ ಅಂಕಿ ಏರುತ್ತದೆ. ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಉಪ್ಪು ಮಣ್ಣು. ಬೀನ್ಸ್ 1ಕ್ಕೇ ಸೊರಗಲು ಶುರು, ಭತ್ತ 3ರವರೆಗೆ ತಡೆಯುತ್ತದೆ, ಬಾರ್ಲಿ 8ರವರೆಗೆ. ಭತ್ತದ ಬೀಜ ಉಪ್ಪಿನಲ್ಲೂ ಮೊಳೆಯುತ್ತದೆ, ಸಾಯುವುದು ಎಳೆ ಸಸಿ. ಹಾಗಾಗಿ ಸಿಹಿನೀರಿನ ಮಡಿಯಲ್ಲಿ ತುಸು ಬಲಿತ ಸಸಿ ಮಾಡಿಕೊಂಡು ನಾಟಿ ಮಾಡಿ. ಮಣ್ಣಿನ ಮಾದರಿಯನ್ನು ಪ್ರತಿ ಸಲವೂ ಅದೇ ಜಾಗಗಳಿಂದ, ಮೇಲಿನ 15 ಸೆಂಟಿಮೀಟರ್ ಮತ್ತು ಅದರಡಿಯ 15 ಸೆಂಟಿಮೀಟರ್ ಬೇರೆಬೇರೆ ಚೀಲದಲ್ಲಿ ತೆಗೆಯಿರಿ. ಮೇಲ್ಪದರ ಮಳೆಗಾಲದ ಕೊನೆಗೆ ಸಿಹಿಯಾಗಿದ್ದರೂ, ಬೇಸಗೆಯಲ್ಲಿ ಅಡಿಯ ಉಪ್ಪು ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೇರಿ ಬರುತ್ತದೆ. ಬೇಸಗೆ ಬೆಳೆಗೆ ಬೀಜ ತರುವ ಮುನ್ನ ಆ ಎರಡನೇ ಚೀಲದ ಅಂಕಿ ನೋಡಿಕೊಳ್ಳಿ.